ಪೂವಪ್ಪನ ಹೆಸರಲ್ಲಿ ಬರೆದ ಕಾಗದ

ಮುಂಬಯಿಯ ವಿಕ್ರೋಳಿ ಕಡೆಯ ಆ ಕಾರ್ಖಾನೆಯಲ್ಲಿ ಕನ್ನಡ ಬಲ್ಲವರು ನಲವತ್ತು ಐವತ್ತು ಮಂದಿ ಇದ್ದರು. ಅವರಲ್ಲಿ ಯಾರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬೇಕಾದರೂ, ರಜೆಯ ಅರ್ಜಿಯೇ ಇರಲಿ, ಮಗುವಿನ ಸ್ಕೂಲ್ ಅಡ್ಮಿಷನ್ನೇ ಇರಲಿ, ಮೇಲಿನ ಮಹಡಿಯ ಜಯಸಿಂಹನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. ಅವನು ಮೊಸರನ್ನದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಅಲ್ಲೇ ಬರೆದುಕೊಡುತ್ತಿದ್ದ. ಏನು ಬರೆದಿರಿ, ಓದಿ ಹೇಳಿ ಎಂದು ಯಾರೂ ಕೇಳಿದ್ದಿಲ್ಲ. ಸಾರ್ ಬರೆದಮೇಲೆ ಮುಗಿಯಿತು, ಸಹಿ ಹಾಕುವುದು, ಹೋಗುವುದು.

ಮನುಷ್ಯ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ನಾನು ಹೇಳುವುದನ್ನು ಕೇಳಿದರೆ ನಿಮಗೆ ಹಾಗನ್ನಿಸಲಿಕ್ಕಿಲ್ಲ. ಚನ್ನರಾಯಪಟ್ಟಣದ ಮೇಷ್ಟರ ಮಗ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ಎಪ್ಪತ್ತೆಂಟರಲ್ಲಿ ಮುಂಬಯಿಗೆ ಬಂದ. ಚೆಂಬೂರಿನಲ್ಲಿ ಎರಡು ಕೋಣೆಯ ಮನೆ, ಹೆಂಡತಿ ಶಾಮಲಾ, ಬೆಳಿಗ್ಗೆ ಏಳೂವರೆಯ ಲೋಕಲ್ಲು, ಕುರ್ಲಾದಲ್ಲಿ ಇಳಿದು ಇನ್ನೊಂದು ಲೋಕಲ್ಲು. ಲಂಚ ಮುಟ್ಟಿದವನಲ್ಲ, ಯಾರಿಗೂ ಏರುದನಿಯಲ್ಲಿ ಮಾತಾಡಿದವನಲ್ಲ. ಅವನ ಒಳಗೆ ಇದ್ದದ್ದು ಒಂದೇ ಒಂದು ರೋಗ: ತನ್ನದು ತಪ್ಪು ಎಂದು ನಾಲ್ಕು ಜನರ ಮುಂದೆ ಹೇಳಬೇಕಾಗಿ ಬಂದರೆ ಅವನ ನಾಲಿಗೆ ಒಣಗುತ್ತಿತ್ತು.

ಅವನ ಕೆಲಸ ಎಂಥದೆಂದರೆ, ಹೆಂಡತಿಗೂ ಮೂರು ವರ್ಷ ಅರ್ಥವಾಗಿರಲಿಲ್ಲ. ಮನೆಯಲ್ಲಿ ನಾವು ಸ್ವಿಚ್ ಒತ್ತಿದರೆ ದೀಪ ಆರುತ್ತದೆ, ಅಷ್ಟೇ. ಲಕ್ಷಗಟ್ಟಲೆ ವೋಲ್ಟಿನ ಲೈನಿನಲ್ಲಿ ಹಾಗಲ್ಲ. ಅಲ್ಲಿ ಸ್ವಿಚ್ಚಿನ ಬದಲು ಇರುವುದು ಈ ಕಾರ್ಖಾನೆ ಮಾಡುವಂಥ ಬ್ರೇಕರು. ಅದರ ಎರಡು ತುದಿಗಳನ್ನು ಎಳೆದು ಬೇರೆ ಮಾಡಿದರೂ ಕರೆಂಟು ಬಿಡುವುದಿಲ್ಲ, ನಡುವಿನ ಖಾಲಿ ಜಾಗದಲ್ಲೇ ಉರಿಯುತ್ತ ಹರಿಯುತ್ತದೆ. ಅದೇ ಆರ್ಕ್. ಸೂರ್ಯನ ಮೈಗಿಂತ ಬಿಸಿ ಅದು. ಅದನ್ನು ಆರಿಸಬೇಕಾದರೆ ಒಂದು ಬಗೆಯ ಗ್ಯಾಸನ್ನು ಪಿಸ್ಟನ್ನಿನಿಂದ ಒತ್ತಿ, ಬಿಳಿ ಟೆಫ್ಲಾನಿನ ನಾಜಲ್ಲಿನ ಕಿರಿದಾದ ಕಂಠದಿಂದ ಶಬ್ದದ ವೇಗದಲ್ಲಿ ಅದರ ಮೇಲೆ ಊದಬೇಕು. ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ. ಆ ಸೊನ್ನೆಯ ಗಳಿಗೆಯಲ್ಲಿ ಆರಿದರೆ ಆರಿತು, ಇಲ್ಲವಾದರೆ ಮತ್ತೆ ಹೊತ್ತಿಕೊಂಡು ಬ್ರೇಕರನ್ನೇ ಸಿಡಿಸಿಬಿಡುತ್ತದೆ.

ಈ ಊದುವ ಆಟವನ್ನು ಲೆಕ್ಕದಲ್ಲೇ ಆಡಿ ತೋರಿಸುವುದು ಜಯಸಿಂಹನ ಕೆಲಸ. ನಾಜಲ್ಲಿನ ಒಳಗನ್ನು ನೂರಾರು ಪುಟ್ಟ ಚೌಕಗಳಾಗಿ ಮಾಡಿಕೊಂಡು, ಪ್ರತಿ ಚೌಕದಲ್ಲೂ ಗ್ಯಾಸಿನ ಒತ್ತಡವೆಷ್ಟು, ಬಿಸಿಯೆಷ್ಟು, ವೇಗವೆಷ್ಟು ಎಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗೆ ಒಮ್ಮೆ ಲೆಕ್ಕ ಹಾಕುವುದು. ಅದನ್ನು ತೂತು ಕಾರ್ಡುಗಳಲ್ಲಿ ಹೊಡೆಸಿ, ಡಬ್ಬಿಯಲ್ಲಿ ತುಂಬಿಕೊಂಡು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಾಡಿಗೆ ಕಂಪ್ಯೂಟರ್ ಇರುವಲ್ಲಿಗೆ ಹೋಗುತ್ತಿದ್ದ. ಒಂದು ಕಾರ್ಡು ಹಿಂದುಮುಂದಾದರೆ ಇಡೀ ದಿನ ಗೋವಿಂದ. ಎಷ್ಟೋ ಸಲ ಸೊನ್ನೆ ಹತ್ತಿರ ಬರುತ್ತಿದ್ದಂತೆ ಲೆಕ್ಕಕ್ಕೇ ತಲೆ ಕೆಟ್ಟು, ಗ್ಯಾಸಿನ ಬಿಸಿ ಮೈನಸ್ಸಿಗೆ ಹೋಗಿ, ಯಂತ್ರ ಅಂಕಿಗಳ ಬದಲು ಪುಟಗಟ್ಟಲೆ ನಕ್ಷತ್ರದ ಗುರುತು ಅಚ್ಚು ಮಾಡಿ ಕೊಡುತ್ತಿತ್ತು.

ಲೆಕ್ಕದಲ್ಲಿ ಒಂದು ಮಾತ್ರ ಯಾರಿಗೂ ತಿಳಿಯದ್ದು. ಗ್ಯಾಸು ಆರ್ಕಿನ ಅಂಚಿನಲ್ಲಿ ಕಲಕಿಕೊಂಡು ಎಷ್ಟು ಬಿಸಿಯನ್ನು ಹೊತ್ತೊಯ್ಯುತ್ತದೆ? ಅದಕ್ಕೊಂದು ಅಂಕಿಯನ್ನು ಊಹಿಸಿ ಇಟ್ಟು, ನಿಜವಾದ ಪರೀಕ್ಷೆಯ ಗ್ರಾಫಿನ ಗೆರೆಗೂ ಲೆಕ್ಕದ ಗೆರೆಗೂ ಹೊಂದುವ ತನಕ ಅದನ್ನು ಹಿಗ್ಗಿಸಿ ಕುಗ್ಗಿಸುವುದು ವಾಡಿಕೆ. ಇದೇನು ಮೋಸವಲ್ಲ, ಬಲ್ಲವರೆಲ್ಲ ಮಾಡುವುದೇ. ಆದರೆ ಯಾವ ಪರೀಕ್ಷೆಗೆ ಹೊಂದಿಸುತ್ತಿದ್ದೇವೆ, ಅವತ್ತು ಆ ಬ್ರೇಕರಿನೊಳಗೆ ಏನಿತ್ತು ಎಂದು ಒಮ್ಮೆ ಇಳಿದು ಹೋಗಿ ನೋಡಬೇಕಲ್ಲವೇ?

ಜಯಸಿಂಹ ನೋಡಲಿಲ್ಲ. ಕೆಳಗೆ ಬ್ರೇಕರ್ ಪರೀಕ್ಷಿಸುವ ಜಾಗಕ್ಕೆ ಅವನು ಹೋಗಿದ್ದದ್ದು ಒಂದೇ ಸಲ. ಆರ್ಕ್ ಸುಟ್ಟ ಗ್ಯಾಸು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಅವನು ಅಲ್ಲೇ ಗೋಡೆಯ ಬುಡದಲ್ಲಿ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಕ್ಕಿದ. ಅದನ್ನು ನೀರು ಹಾಕಿ ತೊಳೆದವನು ಪೂವಪ್ಪ. ಆಮೇಲೆ ಜಯಸಿಂಹ ಮತ್ತೆ ಆ ಮೆಟ್ಟಿಲು ಇಳಿಯಲಿಲ್ಲ. ಬೇಕಾದ್ದೆಲ್ಲ ಡ್ರಾಯಿಂಗಿನಲ್ಲಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡ.

ಈ ಪೂವಪ್ಪ ಉಡುಪಿ ಕಡೆಯವನು. ಹುಡುಗನಾಗಿದ್ದಾಗ ಹೋಟೆಲಿನಲ್ಲಿ ಲೋಟ ತೊಳೆಯಲು ಬಂದು, ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಲೇತ್ ಮೆಷಿನ್ ಕೈಗೆ ಹತ್ತಿಸಿಕೊಂಡವನು. ನಾಜಲ್ಲು ಕೊರೆಯುವುದು ಅವನೇ. ಪ್ರತಿ ಶಾಟ್, ಅಂದರೆ ಒಂದೊಂದು ಸಲದ ಪರೀಕ್ಷೆ, ಆದಮೇಲೆ ಬ್ರೇಕರ್ ಬಿಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಿಳಿ ಪುಡಿ ಒರೆಸಿ, ನಾಜಲ್ಲಿನ ಕಂಠವನ್ನು ಅಳೆದು ತನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡುವುದೂ ಅವನೇ. ಬರೆದಿಡು ಎಂದು ಯಾರೂ ಹೇಳಿರಲಿಲ್ಲ, ಅವನಿಗೇ ಅದೊಂದು ಹುಚ್ಚು. ಫೋರ್‌ಮನ್ ಆಗಬೇಕೆಂಬ ಆಸೆ ಅವನಿಗೆ ಎಷ್ಟಿತ್ತೆಂದರೆ, ಫೋರ್‌ಮನ್‌ಗಳು ಹಾಕುವ ಖಾಕಿ ಕೋಟಿನ ಬಟ್ಟೆಯ ದರವನ್ನು ವಿಚಾರಿಸಿಕೊಂಡು ಬಂದಿದ್ದ.

ಎಂಬತ್ತಮೂರರಲ್ಲಿ ಜಯಸಿಂಹನ ಲೆಕ್ಕ ಮೊದಲ ಸಲ ಹೊಂದಿತು. ಒಂದೇ ನಾಜಲ್ಲಿನ ಮೇಲೆ ಹನ್ನೊಂದು ಶಾಟ್ ಹೊಡೆದಿದ್ದರು, ಅದರಲ್ಲಿ ಒಂಬತ್ತನೆಯದರ ಗೆರೆ ಸ್ಪಷ್ಟವಾಗಿ ಬಂದಿತ್ತು. ಅವನು ಅದನ್ನೇ ಇಟ್ಟುಕೊಂಡು ಅಂಕಿ ಹೊಂದಿಸಿದ. ನಾಜಲ್ಲಿನ ಕಂಠ ಡ್ರಾಯಿಂಗಿನಲ್ಲಿದ್ದ ಹಾಗೆ ಇಪ್ಪತ್ತನಾಲ್ಕು ಮಿಲಿಮೀಟರ್. ಎರಡು ಗೆರೆಗಳೂ ಒಂದರ ಮೇಲೊಂದು ಕೂತಾಗ ಅವನು ಶಾಮಲಾಳಿಗೆ ದಾದರಿನಿಂದ ಮೈಸೂರು ಮಲ್ಲಿಗೆ ತಂದುಕೊಟ್ಟ. ವರ್ಕ್ಸ್ ಮ್ಯಾನೇಜರ್ ಗುಪ್ತೆ ಸಾಹೇಬರು ಎಲ್ಲರೆದುರು ಬೆನ್ನು ತಟ್ಟಿ, "ಇನ್ನು ಹತ್ತು ಟೆಸ್ಟಿನ ಖರ್ಚು ಉಳಿಯಿತು, ಕಂಪ್ಯೂಟರ್ ಇದೆ" ಅಂದರು.

ಮುಂದಿನ ವರ್ಷ ಹೊಸ ಬ್ರೇಕರ್ ಬಂತು. ಪಿಸ್ಟನ್ ಚಿಕ್ಕದು, ನಾಜಲ್ಲಿನ ಕಂಠ ಇಪ್ಪತ್ತೆರಡು. ಲೆಕ್ಕ ಮಾಡಿ ನೋಡಿದ ಜಯಸಿಂಹ, ಆರಾಮವಾಗಿ ಆರಿಸುತ್ತದೆ ಎಂದು ಬರೆದುಕೊಟ್ಟ. ಗಿರಾಕಿಗಳನ್ನು ಕರೆಸಿ, ಸಮೋಸ ತಿನ್ನಿಸಿ, ಗಾಜಿನ ಹಿಂದೆ ಕೂರಿಸಿ ಪರೀಕ್ಷೆ ಮಾಡಿದರು. ಮೊದಲನೇ ಶಾಟಿಗೇ ಢಮಾರ್! ಆರ್ಕ್ ಆರಲಿಲ್ಲ. ಬ್ರೇಕರಿನ ಪಿಂಗಾಣಿ ಹೊದಿಕೆ ಚೂರುಚೂರಾಗಿ ಹಾರಿತು. ಯಾರಿಗೂ ಗಾಯವಾಗಲಿಲ್ಲ, ಪುಣ್ಯ. ಗಿರಾಕಿಗಳು ಕೈಯಲ್ಲಿದ್ದ ಸಮೋಸ ಹಾಗೇ ಇಟ್ಟು ಎದ್ದುಹೋದರು.

ಮಾರನೇ ದಿನ ಮೀಟಿಂಗು. ಗುಪ್ತೆ ಸಾಹೇಬರ ತರ್ಕ ಸರಳವಾಗಿತ್ತು. ಕಂಪ್ಯೂಟರ್ ಪಾಸಾಗುತ್ತದೆ ಅಂದಿದೆ, ಬ್ರೇಕರ್ ಫೇಲಾಗಿದೆ, ಅಂದಮೇಲೆ ಬ್ರೇಕರ್ ಡ್ರಾಯಿಂಗಿನಂತೆ ಇರಲಿಲ್ಲ. ನಾಜಲ್ ಕೊರೆದವನು ಯಾರು? ನಾಜಲ್ಲು ಸುಟ್ಟು ಕರಟಿತ್ತು, ಅಳೆದು ನೋಡಲು ಏನೂ ಉಳಿದಿರಲಿಲ್ಲ. ಜಯಸಿಂಹನಿಗೆ ಆಗ ತನ್ನ ಲೆಕ್ಕದ ಮೇಲೆ ಪೂರ್ತಿ ನಂಬಿಕೆ, ಹೌದಿರಬಹುದು ಎಂಬಂತೆ ತಲೆಯಾಡಿಸುತ್ತ ಕೂತಿದ್ದ. ಪೂವಪ್ಪನಿಗೆ ಮೆಮೊ ಹೋಯಿತು: ಕೆಲಸದಲ್ಲಿ ಅಜಾಗರೂಕತೆ, ಮೂರು ದಿನದಲ್ಲಿ ಉತ್ತರ ಕೊಡತಕ್ಕದ್ದು.

ಉತ್ತರ ಇಂಗ್ಲಿಷಿನಲ್ಲಿ ಕೊಡಬೇಕು. ಪೂವಪ್ಪ ಇನ್ನೆಲ್ಲಿಗೆ ಹೋಗುತ್ತಾನೆ? ಊಟದ ಬಿಡುವಿನಲ್ಲಿ ಮೆಮೊ ಹಿಡಿದುಕೊಂಡು ಜಯಸಿಂಹನ ಮೇಜಿಗೇ ಬಂದ.

"ಸಾರ್, ನೀವೇ ಏನಾದ್ರೂ ಮಾಡ್ಬೇಕು. ನಾನು ಅಳತೆ ತಪ್ಪಿದವ ಅಲ್ಲ ಸಾರ್, ದೇವರಾಣೆ. ಇದ್ರಲ್ಲಿ ಎಲ್ಲ ಬರ್ದಿಟ್ಟಿದ್ದೇನೆ ನೋಡಿ."

ಎಣ್ಣೆ ಹತ್ತಿದ ನೋಟ್‌ಬುಕ್ಕನ್ನು ಮುಂದಿಟ್ಟ. ಹೊಸ ನಾಜಲ್ಲು ಇಪ್ಪತ್ತೆರಡು, ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಜಯಸಿಂಹ ಸುಮ್ಮನೆ ಹಾಳೆ ಹಿಂದಕ್ಕೆ ತಿರುವಿದ. ಹೋದ ವರ್ಷದ ಪುಟ ಬಂತು. ಒಂದನೇ ಶಾಟು, ಇಪ್ಪತ್ತನಾಲ್ಕು ಚಿಲ್ಲರೆ. ಐದನೆಯದು, ಇಪ್ಪತ್ತೈದು. ಒಂಬತ್ತನೆಯದರ ಮುಂದೆ ದುಂಡಗೆ ಬರೆದಿತ್ತು: ಇಪ್ಪತ್ತಾರು.

"ಇದೇನು ಪೂವಪ್ಪ, ಇಪ್ಪತ್ತಾರು?"

"ಆರ್ಕ್ ತಿಂತದಲ್ಲ ಸಾರ್ ಟೆಫ್ಲಾನನ್ನು! ಒಂದೊಂದು ಶಾಟಿಗೆ ಇಷ್ಟಿಷ್ಟು ಅಗಲ ಆಗ್ತಾ ಹೋಗ್ತದೆ. ಕೆಳಗೆ ಎಲ್ಲರಿಗೂ ಗೊತ್ತುಂಟು ಅದು."

ಕೆಳಗೆ ಎಲ್ಲರಿಗೂ ಗೊತ್ತಿತ್ತು. ಮೇಲೆ ಒಬ್ಬನಿಗೆ ಗೊತ್ತಿರಲಿಲ್ಲ. ಅಗಲವಾದ ಕಂಠದಿಂದ ಹೆಚ್ಚು ಗ್ಯಾಸು ನುಗ್ಗಿ ಆರ್ಕನ್ನು ಆರಿಸಿತ್ತು. ಅವನು ಕಂಠ ಕಿರಿದೆಂದು ತಿಳಿದು ಆ ಪುಣ್ಯವನ್ನೆಲ್ಲ ತನ್ನ ಊಹೆಯ ಅಂಕಿಯ ತಲೆಗೆ ಕಟ್ಟಿದ್ದ. ಅಂಕಿ ಉಬ್ಬಿತ್ತು. ಆ ಉಬ್ಬಿದ ಅಂಕಿಯೇ ಹೊಸ ಬ್ರೇಕರ್ ಪಾಸು ಎಂದು ಸುಳ್ಳು ಹೇಳಿತ್ತು. ತಪ್ಪು ಪೂವಪ್ಪನದಲ್ಲ, ತನ್ನದು. ಅರ್ಧ ನಿಮಿಷದಲ್ಲಿ ಅವನಿಗೆ ಎಲ್ಲ ತಿಳಿಯಿತು. ಗೊತ್ತಾಗದೆ ಮಾಡಿದೆ ಎಂದು ಆಮೇಲೆ ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಪೆನ್ನು ಕೈಯಲ್ಲಿತ್ತು, ಬಿಳಿ ಹಾಳೆ ಮುಂದಿತ್ತು, ಎದುರಿಗೆ ಪೂವಪ್ಪ ಕೈಕಟ್ಟಿಕೊಂಡು ನಿಂತಿದ್ದ. ಜಯಸಿಂಹ ಬರೆದ. ಏನು ಬರೆದ ಗೊತ್ತೇ? ನಾಜಲ್ ಕೊರೆಯುವಾಗ ಅಳತೆಯಲ್ಲಿ ನನ್ನಿಂದ ತಪ್ಪಾಗಿದೆ, ವಿಷಾದಿಸುತ್ತೇನೆ, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ದಯವಿಟ್ಟು ಕ್ಷಮಿಸಬೇಕು. ಅಕ್ಷರಗಳು ಎಂದಿನಂತೆ ಮುದ್ದಾಗಿಯೇ ಬಂದವು. ಥೂ, ಎಂಥ ಕೈ!

"ನಿಮ್ ಕೆಲ್ಸಕ್ಕೆ ತೊಂದ್ರೆ ಆಗದ ಹಾಗೆ ಬರ್ದಿದೀನಿ," ಎಂದ. "ವಾದಕ್ಕೆ ಹೋದ್ರೆ ಎನ್‌ಕ್ವೈರಿ ಅದೂ ಇದೂ ಅಂತ ಎಳೀತಾರೆ."

"ನೋಟ್‌ಬುಕ್ ಸೇರಿಸೋದು ಬೇಡ್ವಾ ಸಾರ್?"

"ಅದು ಬೇಡ. ನಿಮ್ಮತ್ರಾನೇ ಇಟ್ಕೊಳ್ಳಿ."

ಪೂವಪ್ಪ ಸಹಿ ಹಾಕಿದ. ಒಂದೊಂದೇ ಅಕ್ಷರ ಇಂಗ್ಲಿಷಿನಲ್ಲಿ, ನಿಧಾನವಾಗಿ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿದುಕೊಂಡು. ಆಮೇಲೆ ಕೈ ಮುಗಿದು, "ನಿಮ್ಮಿಂದ ಉಪಕಾರ ಆಯ್ತು ಸಾರ್" ಎಂದು ಹೋದ.

ಕೆಲಸ ಹೋಗಲಿಲ್ಲ, ಎಚ್ಚರಿಕೆ ಕೊಟ್ಟು ಬಿಟ್ಟರು. ಜಯಸಿಂಹ ಯಾರಿಗೂ ಹೇಳದೆ ಕಂಠದ ಅಳತೆಯನ್ನು ಶಾಟಿನಿಂದ ಶಾಟಿಗೆ ಹಿಗ್ಗಿಸಿ ಲೆಕ್ಕವನ್ನು ತಿದ್ದಿದ. ಲೆಕ್ಕ ಬಹಳ ಚೆನ್ನಾಗಿ ಬಂತು. ಮುಂದಿನ ಬ್ರೇಕರ್ ಪಾಸಾಯಿತು. ಅವನು ಸೆಮಿನಾರಿನಲ್ಲಿ ಪ್ರಬಂಧ ಓದಿದ, ಚಪ್ಪಾಳೆ ಬಿತ್ತು, ಡೆಪ್ಯುಟಿ ಮ್ಯಾನೇಜರ್ ಆದ. ಎಂಬತ್ತಾರರಲ್ಲಿ ಫೋರ್‌ಮನ್ ಹುದ್ದೆ ಖಾಲಿಯಾದಾಗ ಪೂವಪ್ಪನಿಗಿಂತ ಐದು ವರ್ಷ ಚಿಕ್ಕವನಾದ ಶಿವಪುತ್ರಪ್ಪನಿಗೆ ಅದು ಸಿಕ್ಕಿತು. ಪೂವಪ್ಪ ಅದೃಷ್ಟ ಇಲ್ಲ ಅಂದುಕೊಂಡ.

ಪ್ರತಿ ಮೇ ತಿಂಗಳಲ್ಲಿ ಊರಿಂದ ಬಂದಾಗ ಪೂವಪ್ಪ ಒಂದು ಕಟ್ಟು ಹಲಸಿನ ಹಪ್ಪಳ ತಂದುಕೊಡುತ್ತಿದ್ದ. ಶಾಮಲಾ ಕರಿದು ತಟ್ಟೆಗೆ ಹಾಕಿ, "ಎಷ್ಟು ಒಳ್ಳೇ ಮನುಷ್ಯ ಕಣ್ರೀ, ಮರೆಯದೆ ತರ್ತಾರೆ" ಅನ್ನುವಳು. ಜಯಸಿಂಹ ತಟ್ಟೆಯನ್ನು ಆಚೆ ಸರಿಸುತ್ತಿದ್ದ. ಎರಡು ವರ್ಷ ಹೊಟ್ಟೆ ಸರಿಯಿಲ್ಲ ಎಂದ, ಮೂರನೇ ವರ್ಷ ಹಪ್ಪಳದ ಕಟ್ಟನ್ನು ಮನೆಗೆ ತಾರದೆ ಲೋಕಲ್ಲಿನಲ್ಲೇ ಬಿಟ್ಟು ಇಳಿದ. ಇಳಿದಮೇಲೆ ಕುರ್ಲಾ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಅವನಿಗೆ ಎಷ್ಟು ನಾಚಿಕೆಯಾಯಿತೆಂದರೆ, ಅಪರಿಚಿತರ ಮುಖವನ್ನೂ ನೋಡಲಾಗಲಿಲ್ಲ. ಹೇಳಿಬಿಡೋಣ ಎಂದು ಎಷ್ಟು ಸಲ ನಿರ್ಧರಿಸಿದನೋ. ಸೋಮವಾರ ಎನ್ನುವನು, ದೀಪಾವಳಿ ಕಳೆಯಲಿ ಎನ್ನುವನು. ಪೂವಪ್ಪ ಎದುರು ಬಂದು "ನಮಸ್ಕಾರ ಸಾರ್" ಅಂದರೆ ಎಲ್ಲ ಮರೆತುಹೋಗುವುದು.

ತೊಂಬತ್ತರಲ್ಲಿ ಫೋರ್‌ಮನ್ ಹುದ್ದೆ ಮತ್ತೆ ಖಾಲಿಯಾಯಿತು. ಪೂವಪ್ಪನಿಗೆ ನಲವತ್ತೊಂಬತ್ತು. ಐವತ್ತು ದಾಟಿದವರನ್ನು ಏರಿಸುವುದಿಲ್ಲ ಎಂಬುದು ಅಲ್ಲಿನ ನಿಯಮ. ಪರ್ಸನೆಲ್ ವಿಭಾಗದ ಪ್ರಫುಲ್ಲಾ, ಬಡ್ತಿಯ ಪಟ್ಟಿ ಟೈಪು ಮಾಡುತ್ತಿದ್ದವಳು, ಜಯಸಿಂಹನ ಹತ್ತಿರ ಮಾತಿಗೆ ಮಾತು ಬಂದಾಗ ಹೇಳಿದಳು.

"ಪೂವಪ್ಪಣ್ಣನ ಹೆಸರು ಈ ಸಲವೂ ಹೊಡೆದು ಹಾಕಿದ್ರು ಸಾರ್. ಫೈಲಲ್ಲಿ ಅವರೇ ಸೈನ್ ಮಾಡಿದ ತಪ್ಪೊಪ್ಪಿಗೆ ಉಂಟಲ್ಲ. ಹೋದ ಸಲವೂ ಅದ್ರಿಂದ್ಲೇ ಹೋದದ್ದು."

ಜಯಸಿಂಹ ಹತ್ತಿರವಿದ್ದ ಕುರ್ಚಿಯಲ್ಲಿ ಕುಳಿತ. "ಅದನ್ನ ತೆಗ್ಸೋಕೆ ಆಗಲ್ವೇನಮ್ಮಾ?"

"ಅವರೇ ಅರ್ಜಿ ಕೊಡ್ಬೇಕು, ಆ ಕಾಗದ ವಾಪಸ್ ತಕೊಳ್ತೇನೆ ಅಂತ. ಕಾರಣ ಬರೀಬೇಕು. ಸೋಮವಾರ ಪಟ್ಟಿ ಸಾಹೇಬರ ಟೇಬಲ್ಲಿಗೆ ಹೋಗ್ತದೆ."

ಅವತ್ತು ಶುಕ್ರವಾರ. ಆ ಮಧ್ಯಾಹ್ನವೇ ಜಯಸಿಂಹ ಎರಡು ಕಾಗದ ಬರೆದ. ಒಂದು ತನ್ನ ಹೆಸರಲ್ಲಿ: ಎಂಬತ್ತನಾಲ್ಕರ ಪರೀಕ್ಷೆ ಫೇಲಾದದ್ದು ನನ್ನ ಲೆಕ್ಕದ ತಪ್ಪಿನಿಂದ. ಇನ್ನೊಂದು ಪೂವಪ್ಪನ ಹೆಸರಲ್ಲಿ: ಹಿಂದಿನ ತಪ್ಪೊಪ್ಪಿಗೆಯನ್ನು ಬರೆದವರು ಜಯಸಿಂಹ, ಅದರಲ್ಲಿ ಏನಿದೆಯೆಂದು ನನಗೆ ತಿಳಿಸಿರಲಿಲ್ಲ, ತಪ್ಪು ನನ್ನದಲ್ಲ ಎಂಬುದು ಅವರಿಗೆ ಅಂದೇ ಗೊತ್ತಿತ್ತು. ಈ ಸಲ ಸರಿಹೋಗದೆ ಮೂರು ಹಾಳೆ ಹರಿದ.

ಶನಿವಾರ ಸಂಜೆ ಕನ್ನಮ್ವಾರ್ ನಗರದ ಪೂವಪ್ಪನ ಮನೆಗೆ ಹೋದ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಪೂವಪ್ಪ ಗಡಿಬಿಡಿಯಲ್ಲಿ ಬನಿಯನ್ನಿನ ಮೇಲೆ ಶರಟು ಹಾಕಿಕೊಂಡು ಬಂದ, ಹೆಂಡತಿ ವಿನೋದಿನಿ ಕುರ್ಚಿಯನ್ನು ಸೆರಗಿನಿಂದ ಒರೆಸಿ ಇಟ್ಟಳು. ಜಯಸಿಂಹ ಕೂತವನೇ, ಚಹಾ ಬರುವ ಮೊದಲೇ, ಎಲ್ಲವನ್ನೂ ಹೇಳಿದ. ಒಂಬತ್ತನೇ ಶಾಟು, ಇಪ್ಪತ್ತಾರು, ಉಬ್ಬಿದ ಅಂಕಿ, ಕಾಗದದಲ್ಲಿ ಬರೆದದ್ದು, ಎಲ್ಲ. ನಡುವೆ ಎಲ್ಲಿಯೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ಅವನಿಗೆ ಗೊತ್ತಿತ್ತು.

ಪೂವಪ್ಪ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ.

"ಅಂದ್ರೆ ನನ್ನ ನಾಜಲ್ ಸರಿ ಇತ್ತು?"

"ಸರಿ ಇತ್ತು."

"ಆರು ವರ್ಷದಿಂದ ನಾನು ಒಂದೊಂದು ಪೀಸನ್ನು ಮೂರ್ಮೂರು ಸಲ ಅಳೀತೇನೆ ಸಾರ್. ಕಂಪ್ಯೂಟರ್ ಸುಳ್ಳು ಹೇಳ್ಲಿಕ್ಕುಂಟಾ, ನನ್ನ ಕೈಯೇ ಎಲ್ಲೋ ತಪ್ಪಿರ್ಬೇಕು ಅಂತ. ಕಣ್ಣಿನ ಡಾಕ್ಟರ ಹತ್ರ ಕೂಡ ಹೋಗಿ ಬಂದೆ."

ಬೈದಿದ್ದರೆ ಜಯಸಿಂಹ ತಡೆದುಕೊಳ್ಳುತ್ತಿದ್ದ, ಕಪಾಳಕ್ಕೆ ಹೊಡೆದಿದ್ದರೂ ಸರಿಯೇ. ಈ ಮಾತಿಗೆ ಮಾತ್ರ ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. "ತಪ್ಪಾಯ್ತು ಪೂವಪ್ಪ" ಎಂದ. ಜೇಬಿನಿಂದ ಕಾಗದ ತೆಗೆದು, ಪೆನ್ನು ಬಿಚ್ಚಿ ಮುಂದಿಟ್ಟ. "ಇಲ್ಲಿ ಸೈನ್ ಮಾಡಿ. ಸೋಮವಾರ ಬೆಳಿಗ್ಗೆ ನಾನೇ ಕೊಡ್ತೀನಿ."

ಪೂವಪ್ಪ ಪೆನ್ನು ಮುಟ್ಟಲಿಲ್ಲ. ಬೇಸರದಿಂದಲೂ ಅಲ್ಲ, ಸಿಟ್ಟಿನಿಂದಲೂ ಅಲ್ಲ, ಸಾಧಾರಣ ದನಿಯಲ್ಲಿ ಹೇಳಿದ.

"ಮಗಳು ಕಾಲೇಜಿಂದ ಬರ್ಲಿ ಸಾರ್. ಅವಳು ಓದಿ ಹೇಳ್ಲಿ. ಆಮೇಲೆ ಸೈನ್ ಹಾಕ್ತೇನೆ."

ಮುಕ್ಕಾಲು ಗಂಟೆ. ಜಯಸಿಂಹ ಆ ಕುರ್ಚಿಯಲ್ಲಿ ಮುಕ್ಕಾಲು ಗಂಟೆ ಕೂತ. ಚಹಾ ಬಂತು, ಕೆನೆಗಟ್ಟಿತು. ವಿನೋದಿನಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಂದು ಸಲ ನೋಡಿ ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಎಷ್ಟು ಜನ ಕಾಗದ ಬರೆಸಿಕೊಂಡಿದ್ದರೂ ಯಾರೂ ಜಯಸಿಂಹನನ್ನು ಹೀಗೆ ಕಾಯಿಸಿರಲಿಲ್ಲ. ಕಾಯಿಸುವುದು ನ್ಯಾಯವೇ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡರೂ ಮೈ ಮುದುಡುತ್ತಲೇ ಇತ್ತು.

ವಾರಿಜಾ ಬಂದಳು. ಹತ್ತೊಂಬತ್ತರ ಹುಡುಗಿ, ಘಾಟ್‌ಕೋಪರಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಚಪ್ಪಲಿ ಬಿಟ್ಟು, ಅಪ್ಪ ಕೊಟ್ಟ ಕಾಗದವನ್ನು ನಿಂತೇ ಓದಿದಳು. ಮೊದಲು ಬೇಗಬೇಗ, ಆಮೇಲೆ ನಿಧಾನವಾಗಿ. ಅರ್ಧದಲ್ಲಿ ತಲೆಯೆತ್ತಿ ಜಯಸಿಂಹನನ್ನು ನೋಡಿದಳು. ಮತ್ತೆ ಓದಿ ಮುಗಿಸಿ ಅಪ್ಪನಿಗೆ ಹಿಂದಿ ಬೆರೆತ ಕನ್ನಡದಲ್ಲಿ ತಡವರಿಸುತ್ತ ಹೇಳಿದಳು.

"ಅಪ್ಪಾ, ಇದ್ರಲ್ಲಿ ಬರ್ದದ್ದು... ಮಿಸ್ಟೇಕ್ ನಿಮ್ದು ಅಲ್ಲ, ಇವ್ರದ್ದು ಅಂತ. ಆಗ್ಲೇ ಇವ್ರಿಗೆ ಮಾಲೂಮ್ ಇತ್ತು ಅಂತ. ಠೀಕ್ ಉಂಟು. ನೀವು ಸೈನ್ ಮಾಡ್ಬಹುದು."

ಪೂವಪ್ಪ ಸಹಿ ಹಾಕಿದ. ಆ ಕಾಗದ ಸೋಮವಾರ ಫೈಲು ಸೇರಿತು, ಪೂವಪ್ಪನ ಹೆಸರು ಪಟ್ಟಿಗೆ ಬಂತು, ಹುದ್ದೆಯೂ ಸಿಕ್ಕಿತು. ಜಯಸಿಂಹನಿಗೆ ಮೆಮೊ ಬಂತು, ಎರಡು ವರ್ಷದ ಇನ್‌ಕ್ರಿಮೆಂಟು ಹೋಯಿತು. ಅದನ್ನೆಲ್ಲ ಅವನು ಹೇಗೋ ತಡೆದುಕೊಂಡ. ತಡೆದುಕೊಳ್ಳಲಾಗದ್ದು ಆ ಸಂಜೆಯೇ, ಅವನು ಕಾಗದ ಮಡಿಸಿ ಜೇಬಿಗಿಟ್ಟು ಎದ್ದಾಗ ನಡೆದುಹೋಗಿತ್ತು.

"ಅಂಕಲ್, ಇದು ಆಗ್ಲೇ ಯಾಕೆ ಬರೀಲಿಲ್ಲ ನೀವು?" ಎಂದು ವಾರಿಜಾ ಕೇಳಿದಳು. ಜಗಳದ ದನಿಯಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು.

ಇವತ್ತು ಸುಳ್ಳು ಹೇಳಬಾರದೆಂದು ಜಯಸಿಂಹ ಹೇಳಿದ: "ನನ್ ಮರ್ಯಾದೆ ಹೋಗತ್ತೆ ಅಂತ ಹೆದರ್ಕೊಂಡೆ ಕಣಮ್ಮಾ."

"ಮತ್ತೆ ಅಪ್ಪಂದು?"

"ಏಯ್, ಸುಮ್ಮನಿರು," ಎಂದು ಪೂವಪ್ಪ ಮಗಳನ್ನು ಗದರಿಸಿದ. ಅವಳು ಮಾತ್ರ ಉತ್ತರ ಬರುತ್ತದೆಯೆಂದು ಜಯಸಿಂಹನ ಮುಖವನ್ನೇ ನೋಡುತ್ತ ನಿಂತಿದ್ದಳು.